‘ನಾನು’ ಬೇರೆಯೋ ಅಲ್ಲವೋ? ಈ ಪ್ರಶ್ನೆಯನ್ನು ಯಾರಲ್ಲಿ, ಹೇಗೆ ಕೇಳಬೇಕು

ಈಚಿನ ವರ್ಷಗಳಲ್ಲಿ ಜೈನ ಮನೆಗಳಲ್ಲಿ ಓದುವ ಮಕ್ಕಳು ತಂದೆ ತಾಯಿಯ ಮುಂದೆ ಒಂದು ಪ್ರಶ್ನೆ ಇಡುತ್ತಿದ್ದಾರೆ. ಮೊಬೈಲಿನಲ್ಲಿ ಯಾರದೋ ಪ್ರವಚನ ಕೇಳಿರುತ್ತಾರೆ, ಇಲ್ಲವೇ ಧ್ಯಾನ ಶಿಬಿರಕ್ಕೆ ಹೋಗಿ ಬಂದಿರುತ್ತಾರೆ. ‘ನಾನು ಎಂಬ ಪ್ರತ್ಯೇಕ ವ್ಯಕ್ತಿಯೇ ಇಲ್ಲವಂತೆ, ಅದು ಮನಸ್ಸು ಕಟ್ಟಿದ ಕಲ್ಪನೆಯಂತೆ. ಹಾಗಾದರೆ ಬಸದಿಯಲ್ಲಿ ಹೇಳುವ ಆತ್ಮ ಯಾವುದು? ಕರ್ಮ ಯಾರದು?’ ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಸಿಗುವ ಉತ್ತರ ಎರಡೇ ಬಗೆ. ‘ಅಂಥದ್ದೆಲ್ಲ ಕೇಳಬಾರದು, ಮಿಥ್ಯಾತ್ವ’ ಎಂದು ಬಾಯಿ ಮುಚ್ಚಿಸುವುದು ಒಂದು. ‘ಎಲ್ಲರೂ ಹೇಳುವುದು ಒಂದೇ ಬಿಡು’ ಎಂದು ಕೈ ತೊಳೆದುಕೊಳ್ಳುವುದು ಇನ್ನೊಂದು. ಮೊದಲನೆಯದರಿಂದ ಮಗು ಮತ್ತೆ ಮನೆಯಲ್ಲಿ ಕೇಳುವುದಿಲ್ಲ, ಹೊರಗೆ ಕೇಳುತ್ತದೆ. ಎರಡನೆಯದು ಸುಳ್ಳು, ಏಕೆಂದರೆ ಎಲ್ಲರೂ ಒಂದೇ ಹೇಳುವುದಿಲ್ಲ.

ಪ್ರಶ್ನೆ ಕೇಳುವುದು ಜಿನಧರ್ಮದಲ್ಲಿ ತಪ್ಪಲ್ಲ, ತಪಸ್ಸಿನ ಒಂದು ಭಾಗ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯದ ಐದು ಬಗೆಗಳನ್ನು ಹೇಳಿದ್ದಾರೆ. ಮೊದಲನೆಯದು ವಾಚನೆ, ಅಂದರೆ ಓದುವುದು. ಅದರ ಹಿಂದೆಯೇ ಬರುವುದು ಪೃಚ್ಛನೆ, ಅಂದರೆ ಸಂಶಯ ಬಂದಲ್ಲಿ ತಿಳಿದವರನ್ನು ಕೇಳುವುದು. ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಆಮೇಲಿನವು. ಕೇಳದೆ ಉಪದೇಶಕ್ಕೆ ಹಾರಬೇಡಿ ಎಂಬುದು ಈ ಕ್ರಮದಲ್ಲೇ ಇದೆ.

ಆತ್ಮ ಇದೆಯೇ ಎಂಬ ಸಂಶಯವನ್ನಂತೂ ಶಾಸ್ತ್ರಗಳು ಮುಚ್ಚಿಡಲೇ ಇಲ್ಲ. ಶ್ವೇತಾಂಬರ ಆಗಮವಾದ ರಾಯಪಸೇಣಿಯದಲ್ಲಿ ಪ್ರದೇಶಿ ಎಂಬ ರಾಜನ ಕಥೆ ಬರುತ್ತದೆ. ಜೀವ ಬೇರೆ, ಶರೀರ ಬೇರೆ ಎಂಬುದನ್ನು ಆತ ಒಪ್ಪುತ್ತಿರಲಿಲ್ಲ. ಅವನ ಸಾರಥಿ ಚಿತ್ತ, ಕುದುರೆಗಳನ್ನು ಓಡಿಸಿ ನೋಡೋಣ ಎಂಬ ನೆಪದಲ್ಲಿ ರಾಜನನ್ನು ರಥದಲ್ಲಿ ಕೂರಿಸಿಕೊಂಡು, ಕೇಶಿ ಶ್ರಮಣರು ತಂಗಿದ್ದ ಉದ್ಯಾನದ ಕಡೆಗೆ ಕರೆದೊಯ್ದ. ರಾಜ ತಾನು ಮಾಡಿ ನೋಡಿದ ಪರೀಕ್ಷೆಗಳನ್ನೆಲ್ಲ ಅವರ ಮುಂದೆ ಹೇಳಿದ. ಕಳ್ಳನೊಬ್ಬನನ್ನು ಕಬ್ಬಿಣದ ಪಾತ್ರೆಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿಸಿದ್ದ. ಕಳ್ಳ ಒಳಗೆ ಸತ್ತ, ಪಾತ್ರೆಯಲ್ಲಿ ಎಲ್ಲೂ ತೂತಾಗಿರಲಿಲ್ಲ. ಜೀವ ಹೊರಗೆ ಹೋಗಿದ್ದರೆ ಎಲ್ಲಿಂದ ಹೋಯಿತು? ಕೇಶಿ ಶ್ರಮಣರು ಬೈಯಲಿಲ್ಲ. ಮುಚ್ಚಿದ ಮನೆಯೊಳಗೆ ಭೇರಿ ಬಾರಿಸಿದರೆ ಸದ್ದು ಹೊರಗೆ ಕೇಳುತ್ತದಲ್ಲ, ಗೋಡೆಯಲ್ಲಿ ತೂತು ಬೀಳುತ್ತದೆಯೇ ಎಂದು ಕೇಳಿದರು. ರಾಜ ಇನ್ನೊಬ್ಬ ಕಳ್ಳನನ್ನು ಬದುಕಿದ್ದಾಗ ಒಮ್ಮೆ, ಸತ್ತ ಮೇಲೆ ಒಮ್ಮೆ ತೂಗಿಸಿದ್ದ. ತೂಕದಲ್ಲಿ ವ್ಯತ್ಯಾಸ ಬಂದಿರಲಿಲ್ಲ. ಅದಕ್ಕೆ ಗುರುಗಳು ಗಾಳಿ ತುಂಬಿದ ಚರ್ಮದ ಚೀಲವನ್ನೂ ಬರಿದಾದ ಚೀಲವನ್ನೂ ಉದಾಹರಿಸಿದರು. ಇಂದಿನ ಸೂಕ್ಷ್ಮ ತಕ್ಕಡಿಯಲ್ಲಿ ತುಂಬಿದ ಗಾಳಿಗೂ ತೂಕ ಬರುತ್ತದೆ, ಆದ್ದರಿಂದ ಈ ದೃಷ್ಟಾಂತವನ್ನು ಅಕ್ಷರಶಃ ಹಿಡಿದು ವಾದ ಮಾಡಬೇಕಾಗಿಲ್ಲ. ಮಾತಿನ ತಿರುಳು ಬೇರೆ. ಚಿನ್ನ ತೂಗುವ ತಕ್ಕಡಿ ಚಿನ್ನದ ತೂಕ ಹೇಳುತ್ತದೆ, ಅದು ಯಾರದು ಎಂದು ಹೇಳುವುದಿಲ್ಲ. ಇಷ್ಟು ಕ್ರೂರವಾದ ಪರೀಕ್ಷೆ ಮಾಡಿದವನಿಗೂ ಗುರುಗಳು ಒಂದೊಂದಕ್ಕೂ ಉತ್ತರ ಕೊಟ್ಟರು, ಆತ ಕೊನೆಗೆ ಶ್ರಾವಕನಾದ. ಹಾಗಿರುವಾಗ ಮನೆಯ ಮಗಳು ಅದೇ ಪ್ರಶ್ನೆ ಕೇಳಿದರೆ ಗದರಿಸುವ ಅಗತ್ಯವೇನಿದೆ?

‘ಬೇರೆ’ ಎಂಬ ಮಾತಿಗೆ ಎರಡು ಮುಖ

ಗೊಂದಲ ಬಹುಮಟ್ಟಿಗೆ ‘ಬೇರೆ’ ಎಂಬ ಒಂದು ಶಬ್ದದಿಂದ ಬರುತ್ತದೆ. ಜೈನರು ಅದನ್ನು ಎರಡು ಕಡೆಗೆ ಬಳಸುತ್ತಾರೆ. ಜೀವ ಶರೀರದಿಂದ ಬೇರೆ ಎಂಬುದು ಒಂದು. ಒಂದು ಜೀವ ಇನ್ನೊಂದು ಜೀವದಿಂದ ಬೇರೆ ಎಂಬುದು ಇನ್ನೊಂದು.

ಮೊದಲನೆಯದನ್ನು ನೋಡೋಣ. ಹೆಸರು, ರೂಪ, ಮನೆತನ, ಅಂಗಡಿಯ ಬೋರ್ಡು, ಸಮಾಜದಲ್ಲಿನ ಸ್ಥಾನ, ಇವನ್ನೆಲ್ಲ ಸೇರಿಸಿ ಜನ ‘ನಾನು’ ಎನ್ನುತ್ತಾರೆ. ಶಾಸ್ತ್ರದ ಲೆಕ್ಕದಲ್ಲಿ ಶರೀರ ಸಿಗುವುದು ನಾಮಕರ್ಮದಿಂದ, ಮನೆತನದ ಹೆಚ್ಚು ಕಡಿಮೆ ಗೋತ್ರಕರ್ಮದಿಂದ. ಕರ್ಮ ಪುದ್ಗಲ. ಅಂದರೆ ನಾವು ‘ನಾನು’ ಎಂದು ಎದೆ ತಟ್ಟಿಕೊಳ್ಳುವುದರಲ್ಲಿ ಹೆಚ್ಚಿನ ಪಾಲು ಪುದ್ಗಲದ ಖಾತೆಗೆ ಹೋಗುವಂಥದ್ದು. ಇವನ್ನೇ ಆತ್ಮ ಎಂದು ತಿಳಿದವನನ್ನು ಪೂಜ್ಯಪಾದರು ಸಮಾಧಿತಂತ್ರದಲ್ಲಿ ಬಹಿರಾತ್ಮ ಎಂದು ಕರೆದಿದ್ದಾರೆ. ಆದ್ದರಿಂದ ಹೊರಗಿನ ಪ್ರವಚನಕಾರರು ‘ನೀನು ನಿನ್ನ ಹೆಸರಲ್ಲ, ನಿನ್ನ ಕಥೆಯಲ್ಲ’ ಎಂದರೆ ಅದರಲ್ಲಿ ಜೈನರಿಗೆ ತಕರಾರಿಲ್ಲ. ಅಜ್ಜಿಯರು ಹನ್ನೆರಡು ಭಾವನೆ ಹೇಳುವಾಗ ಅನ್ಯತ್ವ ಭಾವನೆಯಲ್ಲಿ ಹೇಳುವುದು ಇದನ್ನೇ.

ದಾರಿ ಕವಲೊಡೆಯುವುದು ಅದರ ಮುಂದಿನ ಹೆಜ್ಜೆಯಲ್ಲಿ. ಹೆಸರು ಕಳೆದು, ರೂಪ ಕಳೆದು, ಸಿಟ್ಟು ಆಸೆಗಳನ್ನೂ ಕಳೆದ ಮೇಲೆ ಉಳಿಕೆ ಏನು? ಶೂನ್ಯ ಎನ್ನುವವರಿದ್ದಾರೆ, ಎಲ್ಲವೂ ಸೇರಿ ಒಂದೇ ಎನ್ನುವವರಿದ್ದಾರೆ. ತಿಳಿಯುವವನು ಉಳಿಯುತ್ತಾನೆ ಎನ್ನುತ್ತದೆ ಜೈನ ಶಾಸ್ತ್ರ. ಉಪಯೋಗವೇ, ಅಂದರೆ ತಿಳಿಯುವ ಕಾಣುವ ವ್ಯಾಪಾರವೇ ಜೀವದ ಲಕ್ಷಣ. ಭಗವಾನ್ ಮಹಾವೀರರ ಮೊದಲ ಗಣಧರರಾದ ಇಂದ್ರಭೂತಿ ಗೌತಮರಿಗೇ ಜೀವ ಇದೆಯೇ ಎಂಬ ಸಂಶಯವಿತ್ತು ಎಂದು ಶ್ವೇತಾಂಬರ ಪರಂಪರೆ ಹೇಳುತ್ತದೆ. ಸಂಶಯ ಪಡುವವನಿಲ್ಲದೆ ಸಂಶಯ ಹೇಗೆ ಬಂತು ಎಂಬ ತರ್ಕ ಗಣಧರವಾದದಲ್ಲಿ ಮುಖ್ಯವಾದದ್ದು. ‘ನಾನು ಇಲ್ಲ’ ಎಂದು ತಿಳಿದುಕೊಂಡವರು ಯಾರು ಎಂದು ಹುಡುಗರೇ ಒಮ್ಮೆ ಯೋಚಿಸಿ ನೋಡಬಹುದು.

ಆ ತಿಳಿಯುವವನು ಪ್ರತಿ ಜೀವಕ್ಕೂ ಅವನವನೇ. ಜೀವಗಳು ಅನಂತ. ಮೋಕ್ಷದಲ್ಲಿ ಕೂಡ ಸಿದ್ಧರು ಒಬ್ಬರಲ್ಲಿ ಒಬ್ಬರು ಕರಗಿ ಹೋಗುವುದಿಲ್ಲ. ಒಂದು ಕೋಣೆಯಲ್ಲಿ ಹತ್ತು ದೀಪ ಹಚ್ಚಿಟ್ಟರೆ ಬೆಳಕು ಬೆಳಕಿಗೆ ಅಡ್ಡ ಬರುವುದಿಲ್ಲ, ಆದರೂ ಯಾವ ದೀಪದ ಬೆಳಕು ಆ ದೀಪದ್ದೇ. ಇದು ಬರೀ ಪಂಡಿತರ ಚರ್ಚೆ ಎನ್ನಲಾಗದು. ಕ್ಷಮಾವಾಣಿಯ ದಿನ ಒಬ್ಬರ ಮುಂದೆ ಒಬ್ಬರು ಕೈ ಜೋಡಿಸಿ ನಿಲ್ಲುತ್ತೇವೆ. ನೋಯಿಸಿದವರು ಬೇರೆ, ನೊಂದವರು ಬೇರೆ ಎಂಬುದಿಲ್ಲದಿದ್ದರೆ ಯಾರು ಯಾರ ಕ್ಷಮೆ ಕೇಳಬೇಕು? ಕೊಟ್ಟ ನೋವಿನ ಬಾಕಿಯನ್ನು ಯಾರ ಖಾತೆಗೆ ಬರೆಯಬೇಕು? ಬೇರೆ ಎಂದ ಮಾತ್ರಕ್ಕೆ ಸಂಬಂಧವಿಲ್ಲ ಎಂದೂ ಆಗುವುದಿಲ್ಲ. ಜೀವಗಳು ಒಂದಕ್ಕೊಂದು ಉಪಕಾರ ಮಾಡಿಕೊಂಡು ಬಾಳುವಂಥವು ಎಂದು ಹೇಳಿರುವುದೂ ಅದೇ ತತ್ತ್ವಾರ್ಥಸೂತ್ರ.

ಒಬ್ಬ ವ್ಯಾಪಾರಿಯ ಹನ್ನೆರಡು ವರ್ಷ

ಇದನ್ನು ಪುಸ್ತಕದಲ್ಲಿ ಓದಿ ತಲೆಗೆ ಹಚ್ಚಿಕೊಂಡು, ದಾರಿ ತಪ್ಪಿ, ಆಮೇಲೆ ಸರಿದಾರಿಗೆ ಬಂದ ಒಬ್ಬ ಶ್ರಾವಕನ ಬದುಕು ನಮ್ಮ ಮುಂದಿದೆ. ಅವರು ತಮ್ಮ ಕಥೆಯನ್ನು ತಾವೇ, ಏನೂ ಮುಚ್ಚಿಡದೆ ಬರೆದಿಟ್ಟಿದ್ದಾರೆ. ಹೆಸರು ಬನಾರಸೀದಾಸ. ಹುಟ್ಟಿದ್ದು 1586ರಲ್ಲಿ, ಉತ್ತರ ಭಾರತದ ಜೌನಪುರದಲ್ಲಿ. ಶ್ರೀಮಾಲ ಕುಲದ ಶ್ವೇತಾಂಬರ ಮನೆ, ತಂದೆ ಖರಗಸೇನರು ರತ್ನಪಡಿ ವ್ಯಾಪಾರಿ. ಬನಾರಸೀದಾಸರೂ ವ್ಯಾಪಾರಕ್ಕೆ ಇಳಿದರು, ಹೆಚ್ಚಿನ ಸಲ ನಷ್ಟವನ್ನೇ ಕಂಡರು. 1641ರಲ್ಲಿ, 55ನೆಯ ವಯಸ್ಸಿನಲ್ಲಿ ಬರೆದ ಆತ್ಮಕಥೆಗೆ ಅವರು ಇಟ್ಟ ಹೆಸರು ‘ಅರ್ಧಕಥಾನಕ’. ಮನುಷ್ಯನ ಪೂರ್ಣಾಯುಸ್ಸು 110 ವರ್ಷ ಎಂದು ಹಿಡಿದರೆ ಇದು ಅರ್ಧ ಕಥೆ ಎಂಬ ಲೆಕ್ಕ.

ಚಿಕ್ಕಂದಿನಿಂದಲೂ ಅವರದು ನಂಬುವ ಸ್ವಭಾವ. ಹರೆಯದಲ್ಲಿ ಸನ್ಯಾಸಿಯೊಬ್ಬ ಒಂದು ಮಂತ್ರ ಹೇಳಿಕೊಟ್ಟ. ವರ್ಷವಿಡೀ ಗುಟ್ಟಾಗಿ ಜಪಿಸಿದರೆ ಆಮೇಲೆ ದಿನಕ್ಕೊಂದು ದೀನಾರ ಬಾಗಿಲ ಬಳಿ ಬಿದ್ದಿರುತ್ತದೆ ಎಂದ. ವರ್ಷ ಕಳೆಯಿತು. ಬಾಗಿಲಲ್ಲಿ ದೀನಾರ ಬೀಳಲಿಲ್ಲ. 1605ರಲ್ಲಿ ಅಕ್ಬರ್ ತೀರಿಕೊಂಡ ಸುದ್ದಿ ಬಂದಾಗ ಬನಾರಸೀದಾಸರು ಮೆಟ್ಟಿಲ ಮೇಲೆ ಕೂತಿದ್ದರು, ಕೇಳಿದವರೇ ತಲೆತಿರುಗಿ ಬಿದ್ದು ತಲೆ ಒಡೆದುಕೊಂಡರು. ರಾಜ ಹೋದರೆ ಊರಿನಲ್ಲಿ ಲೂಟಿ ಶುರುವಾಗುತ್ತದೆ ಎಂಬ ಭಯ ಅಂದಿನ ವ್ಯಾಪಾರಸ್ಥರಿಗೆ ಎಷ್ಟಿತ್ತು ಎಂಬುದು ಇದರಿಂದ ಗೊತ್ತಾಗುತ್ತದೆ. ಮೂರು ಮದುವೆಯಾದರು, ಒಂಬತ್ತು ಮಕ್ಕಳಾದವು. ಒಂದೂ ಉಳಿಯಲಿಲ್ಲ. ಇಂಥ ಮನೆಯಲ್ಲಿ ‘ಯಾವುದು ನನ್ನದು, ಯಾವುದು ನಾನು’ ಎಂಬುದು ಹೊತ್ತು ಹೋಗದವರ ಪ್ರಶ್ನೆ ಆಗಿರಲಾರದು.

1623ರ ಸುಮಾರಿಗೆ ಅರಥಮಲ ಎಂಬ ಅಧ್ಯಾತ್ಮಪ್ರಿಯರೊಬ್ಬರು ಅವರ ಕೈಗೆ ಒಂದು ಪುಸ್ತಕ ಕೊಟ್ಟರು. ಕುಂದಕುಂದಾಚಾರ್ಯರ ಸಮಯಸಾರಕ್ಕೆ ಸಂಬಂಧಿಸಿದಂತೆ ರಾಜಮಲ್ಲರು ದೇಶಭಾಷೆಯಲ್ಲಿ ಬರೆದ ಟೀಕೆ ಅದು. ಆತ್ಮ ಶುದ್ಧ, ಅದನ್ನು ಕರ್ಮ ಮುಟ್ಟಿಲ್ಲ, ಅದು ಕರ್ತೃವಲ್ಲ ಎಂದು ನಿಶ್ಚಯ ನಯದಿಂದ ಹೇಳುವ ಗ್ರಂಥ. ಬನಾರಸೀದಾಸರು ಓದಿದರು, ಮತ್ತೆ ಮತ್ತೆ ಓದಿದರು. ತಿಳಿಸಿ ಹೇಳುವ ಗುರು ಪಕ್ಕದಲ್ಲಿ ಇರಲಿಲ್ಲ. ಆತ್ಮ ಶುದ್ಧವೇ ಆಗಿದ್ದ ಮೇಲೆ ಜಪ, ತಪ, ಸಾಮಾಯಿಕ, ಪ್ರತಿಕ್ರಮಣ ಏಕೆ ಎನಿಸಿತು. ಒಂದೊಂದಾಗಿ ಬಿಟ್ಟರು. ಕ್ರಿಯೆ ಹೋಯಿತು, ಆತ್ಮದ ರುಚಿಯೂ ಹತ್ತಲಿಲ್ಲ. ಜೊತೆಗೆ ಅದೇ ಅಭಿಪ್ರಾಯದ ಮೂವರು ಗೆಳೆಯರು ಸೇರಿಕೊಂಡರು. ನಾಲ್ವರೂ ಕೋಣೆಯೊಳಗೆ ಬಟ್ಟೆ ಬಿಚ್ಚಿ ಓಡಾಡುತ್ತಾ, ನಾವು ಪರಿಗ್ರಹವಿಲ್ಲದ ಮುನಿಗಳಾದೆವು ಎಂದುಕೊಳ್ಳುತ್ತಿದ್ದರು. ಊರವರು ಆಡಿಕೊಂಡರು, ಅಡ್ಡಹೆಸರಿಟ್ಟರು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅವರು ಓದಿದ ಪುಸ್ತಕ ಕೆಟ್ಟದ್ದಲ್ಲ, ಜೈನ ಅಧ್ಯಾತ್ಮದ ತಲೆಗ್ರಂಥ ಅದು. ಅವರ ಮನಸ್ಸೂ ಕೆಟ್ಟದ್ದಲ್ಲ. ಒಂಟಿಯಾಗಿ ಓದಿದ್ದು, ಹೌದು ಹೌದು ಎನ್ನುವ ಗೆಳೆಯರನ್ನು ಮಾತ್ರ ಕೇಳಿದ್ದು ಸಮಸ್ಯೆಯಾಯಿತು. ಇಂದು ಮೊಬೈಲು ಮಾಡುವುದೂ ಇದನ್ನೇ. ಒಂದು ಬಗೆಯ ಪ್ರವಚನ ಕೇಳಿದರೆ ಅದು ಅಂಥದ್ದೇ ಇನ್ನೂ ಹತ್ತನ್ನು ತಂದು ಮುಂದಿಡುತ್ತದೆ. ಎದುರು ಮಾತು ಕೇಳಿಬರುವುದೇ ಇಲ್ಲ.

ಹನ್ನೆರಡು ವರ್ಷ ಹೀಗೇ ಹೋಯಿತು. 1635ರಲ್ಲಿ ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು ತಿಹುನಾ ಸಾಹು ಕಟ್ಟಿಸಿದ ಜಿನಮಂದಿರದಲ್ಲಿ ಇಳಿದುಕೊಂಡರು. ಅಧ್ಯಾತ್ಮದ ಗೆಳೆಯರೆಲ್ಲ ಸೇರಿ ಅವರಿಂದ ಗೊಮ್ಮಟಸಾರ ಓದಿಸಿಕೊಂಡರು. ಯಾವ ಗುಣಸ್ಥಾನದಲ್ಲಿ ಇರುವವನಿಗೆ ಎಷ್ಟು ಜ್ಞಾನ, ಯಾವ ಆಚರಣೆ ಎಂಬುದನ್ನು ರೂಪಚಂದರು ಹಂತ ಹಂತವಾಗಿ ಬಿಡಿಸಿ ಹೇಳಿದರು. ಬನಾರಸೀದಾಸರ ಗಂಟು ಬಿಚ್ಚಿಕೊಂಡಿತು. ಒಂದು ಮಾತು ಒಂದು ನಯದಿಂದ ನಿಜ, ಇನ್ನೊಂದು ಇನ್ನೊಂದು ನಯದಿಂದ ನಿಜ ಎಂಬ ಸ್ಯಾದ್ವಾದ ಅವರಿಗೆ ಹಿಡಿಸಿತು. ಮರುವರ್ಷವೇ ಅವರು ‘ಸಮಯಸಾರ ನಾಟಕ’ ಎಂಬ ಕಾವ್ಯ ಮುಗಿಸಿದರು. ಹಿಂದಿ ಬಲ್ಲ ಜೈನರು ಅದನ್ನು ಇಂದಿಗೂ ಸ್ವಾಧ್ಯಾಯಕ್ಕೆ ಇಟ್ಟುಕೊಳ್ಳುತ್ತಾರೆ. ದಾರಿ ತಪ್ಪಿಸಿತು ಎನ್ನಬಹುದಾದ ಗ್ರಂಥವನ್ನು ಅವರು ಬಿಡಲಿಲ್ಲ, ಸರಿಯಾಗಿ ಓದಲು ಕಲಿತರು.

ಕರ್ನಾಟಕದವರು ಹೆಮ್ಮೆ ಪಡಬೇಕಾದ ಸಂಗತಿ ಇದರಲ್ಲೇ ಇದೆ. ಆಗ್ರಾದ ವ್ಯಾಪಾರಿಯ ಗೊಂದಲ ಕಳೆದ ಗೊಮ್ಮಟಸಾರವನ್ನು ಬರೆದವರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು. ಶ್ರವಣಬೆಳಗೊಳದಲ್ಲಿ ಬಾಹುಬಲಿ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ಅದನ್ನು ರಚಿಸಿದರು. ಗೊಮ್ಮಟ ಎಂಬುದು ಚಾವುಂಡರಾಯನಿಗೂ ಇದ್ದ ಹೆಸರು, ಗ್ರಂಥದ ಹೆಸರು ಬಂದದ್ದೂ ಅದರಿಂದಲೇ. 1359ರಲ್ಲಿ ಕೇಶವವರ್ಣಿಗಳು ಅದಕ್ಕೆ ಕನ್ನಡದಲ್ಲೇ ಟೀಕೆ ಬರೆದರು. ಸಮಯಸಾರಕ್ಕೂ ಅಧ್ಯಾತ್ಮಿ ಬಾಲಚಂದ್ರರ ಹಳೆಯ ಕನ್ನಡ ಟೀಕೆ ಇದೆ. ಈ ಪ್ರಶ್ನೆಗೆ ಕನ್ನಡದಲ್ಲಿ ಉತ್ತರವಿಲ್ಲ, ಇಂಗ್ಲಿಷಿನಲ್ಲೇ ಹುಡುಕಬೇಕು ಎನ್ನುವುದಕ್ಕೆ ಆಧಾರವಿಲ್ಲ.

ರೂಪಚಂದರು ಹೇಳಿಕೊಟ್ಟದ್ದರ ಸಾರವನ್ನು ಅದಿರಿನ ಉದಾಹರಣೆಯಿಂದ ಹೇಳಬಹುದು. ಹಟ್ಟಿಯ ಗಣಿಯಿಂದ ಬಂದ ಅದಿರಿನಲ್ಲಿ ಚಿನ್ನವಿದೆ ಎಂಬುದು ಪೂರ್ಣ ನಿಜ. ಆ ಚಿನ್ನ ಕಲ್ಲಾಗಿಲ್ಲ, ಕಲ್ಲಿನಿಂದ ಬೇರೆಯೇ. ಆದರೆ ಆ ಕಲ್ಲನ್ನು ಹಾಗೆಯೇ ತಂದು ಚಿನಿವಾರರ ಕಟ್ಟೆಯಲ್ಲಿ ಇಟ್ಟರೆ ಯಾರೂ ಚಿನ್ನದ ಬೆಲೆ ಕೊಡುವುದಿಲ್ಲ. ಪುಡಿ ಮಾಡಬೇಕು, ತೊಳೆಯಬೇಕು, ಕರಗಿಸಬೇಕು. ನಿಶ್ಚಯ ನಯ ಚಿನ್ನವನ್ನು ತೋರಿಸುತ್ತದೆ, ವ್ಯವಹಾರ ನಯ ಕುಲುಮೆಗೆ ಕರೆದೊಯ್ಯುತ್ತದೆ. ಹದಿನಾಲ್ಕು ಗುಣಸ್ಥಾನಗಳು ಆ ಕೆಲಸದ ಹಂತಗಳು. ನಾಲ್ಕನೆಯದರಲ್ಲಿ ದೃಷ್ಟಿ ಸರಿಯಾಗಿದೆ, ವ್ರತ ಇನ್ನೂ ಇಲ್ಲ. ಐದನೆಯದು ಅಣುವ್ರತ ಹಿಡಿದ ಗೃಹಸ್ಥನದು. ಮುನಿಯ ಮಾತು ಆರರಿಂದ. ನಾಲ್ಕನೆಯದನ್ನೂ ಮುಟ್ಟದವರು ಹದಿಮೂರನೆಯದರ ಮಾತಾಡಿದರೆ ಆಗುವುದು ಬನಾರಸೀದಾಸರ ಕೋಣೆಯ ಆಟವೇ. ಕುಂದಕುಂದರು ಕೂಡ ವ್ಯವಹಾರವನ್ನು ತಳ್ಳಿಹಾಕಿಲ್ಲ. ಭಾಷೆ ಗೊತ್ತಿಲ್ಲದವನಿಗೆ ಅವನ ಭಾಷೆಯಲ್ಲೇ ಹೇಳಬೇಕಾಗುವ ಹಾಗೆ, ವ್ಯವಹಾರವಿಲ್ಲದೆ ಪರಮಾರ್ಥವನ್ನು ತಿಳಿಸಲಾಗದು ಎಂದು ಆರಂಭದಲ್ಲೇ ಎಚ್ಚರಿಸಿದ್ದಾರೆ. ಅವಸರದಲ್ಲಿ ಓದುವವರು ಆ ಗಾಥೆಯನ್ನು ದಾಟಿಬಿಡುತ್ತಾರೆ.

ಯಾರನ್ನು ಕೇಳಬೇಕು

ರೂಪಚಂದರು ಮುನಿಯಲ್ಲ, ಪಂಡಿತರು. ಮಾರ್ಗದರ್ಶಕರು ಪಿಂಛಿ ಕಮಂಡಲು ಹಿಡಿದವರೇ ಆಗಿರಬೇಕೆಂದಿಲ್ಲ ಎಂಬುದಕ್ಕೆ ಕನ್ನಡಿಗರಿಗೆ ಪರಿಚಿತವಾದ ಇನ್ನೊಂದು ಪ್ರಸಂಗವಿದೆ. ಜಿನಸೇನಾಚಾರ್ಯರ ಮಹಾಪುರಾಣದಲ್ಲೂ ಪಂಪ ಮಹಾಕವಿಯ ಆದಿಪುರಾಣದಲ್ಲೂ ಬರುವ ಮಹಾಬಲ ರಾಜನ ಕಥೆ, ಆದಿನಾಥ ಸ್ವಾಮಿಯ ಹಿಂದಿನ ಭವ. ಜಿನಸೇನರ ಪ್ರಕಾರ ರಾಜನ ನಾಲ್ವರು ಮಂತ್ರಿಗಳಲ್ಲಿ ಒಬ್ಬ ಆತ್ಮವೆಂಬುದು ಮಣ್ಣು ನೀರುಗಳ ಕೂಟ ಎಂದ, ಇನ್ನೊಬ್ಬ ಬರೀ ವಿಜ್ಞಾನ ಎಂದ, ಮತ್ತೊಬ್ಬ ಎಲ್ಲವೂ ಶೂನ್ಯ ಎಂದ. ಸ್ವಯಂಬುದ್ಧನೊಬ್ಬನೇ ಒಂದೊಂದಕ್ಕೂ ತರ್ಕದಿಂದ ಉತ್ತರ ಕೊಟ್ಟ. ಆಮೇಲೆ ಅವನೇ ಮೇರುವಿನಲ್ಲಿ ಚಾರಣ ಮುನಿಗಳನ್ನು ಕಂಡು, ರಾಜನಿಗೆ ಇನ್ನು ಒಂದೇ ತಿಂಗಳ ಆಯುಸ್ಸು ಎಂದು ತಿಳಿದು, ಬಂದು ನೇರವಾಗಿ ಹೇಳಿದ. ಮಹಾಬಲ ರಾಜ್ಯವನ್ನು ಮಗನಿಗೆ ಒಪ್ಪಿಸಿ ಸಲ್ಲೇಖನ ಕೈಗೊಂಡ. ವಾದದಲ್ಲಿ ಗೆದ್ದು ಮನೆಗೆ ಹೋಗಿದ್ದರೆ ಸ್ವಯಂಬುದ್ಧ ಒಳ್ಳೆಯ ಪಂಡಿತ ಅನ್ನಿಸಿಕೊಳ್ಳುತ್ತಿದ್ದ, ಅಷ್ಟೇ. ಉಳಿದ ದಿನಗಳಲ್ಲಿ ಏನು ಮಾಡಬೇಕು ಎಂದು ಹೇಳಿದ್ದರಿಂದ ಗುರುವಾದ.

ಇಂದಿನ ಕುಟುಂಬಗಳಿಗೆ ಅನುಕೂಲವಾದ ಕಾಲ ಚಾತುರ್ಮಾಸ. ಮುನಿಮಹಾರಾಜರು, ಆರ್ಯಿಕಾ ಮಾತಾಜಿಯವರು ಒಂದೇ ಊರಿನಲ್ಲಿ ನಾಲ್ಕು ತಿಂಗಳು ಇರುತ್ತಾರೆ. ವಿಹಾರದ ದಿನಗಳಲ್ಲಿ ದಾರಿಯಲ್ಲಿ ನಿಲ್ಲಿಸಿ ಕೇಳುವುದಕ್ಕಿಂತ ಆಗ ಕೇಳುವುದು ಮೇಲು. ಆಹಾರಚರ್ಯೆಯ ಹೊತ್ತು, ಸಾಮಾಯಿಕದ ಹೊತ್ತು ಬಿಟ್ಟು, ಸ್ವಾಧ್ಯಾಯದ ಸಮಯ ಯಾವುದೆಂದು ಸಂಘದ ಬ್ರಹ್ಮಚಾರಿಗಳಲ್ಲಿ ವಿಚಾರಿಸಬೇಕು. ಮುನಿಗಳಿಗೆ ನಮೋಸ್ತು, ಮಾತಾಜಿಯವರಿಗೆ ವಂದಾಮಿ, ಕ್ಷುಲ್ಲಕರಿಗೆ ಇಚ್ಛಾಮಿ ಎನ್ನುವುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಟ್ಟರೆ ಅವರ ಅರ್ಧ ಅಳುಕು ಅಲ್ಲೇ ಹೋಗುತ್ತದೆ. ಸ್ಥಾನಕವಾಸಿ, ಮೂರ್ತಿಪೂಜಕ, ತೇರಾಪಂಥಿ ಮನೆಯವರು ತಮ್ಮ ಸಾಧು ಸಾಧ್ವಿಯವರಲ್ಲಿ ಇದೇ ರೀತಿ ಕೇಳಬಹುದು. ಮಠದ ಊರುಗಳ ಹತ್ತಿರ ಇರುವವರಿಗೆ ಭಟ್ಟಾರಕ ಸ್ವಾಮೀಜಿಯವರ ಸನ್ನಿಧಿಯೂ ಇದೆ.

ಕೇಳುವಾಗ ಮಗ ಅಥವಾ ಮಗಳೇ ಮಾತಾಡಲಿ. ‘ಇವನಿಗೆ ಏನೋ ಸಂಶಯವಂತೆ, ಸ್ವಲ್ಪ ಬುದ್ಧಿ ಹೇಳಿ’ ಎಂದು ತಂದೆ ಶುರು ಮಾಡಿದರೆ ಪ್ರಶ್ನೆ ಅಲ್ಲೇ ಸತ್ತಿತು. ಎಲ್ಲಿ ಏನು ಕೇಳಿದೆವೋ ಅದನ್ನು ಇದ್ದ ಹಾಗೆ ಹೇಳಬೇಕು. ಉತ್ತರ ಬಂದಾಗ ‘ಇದು ಯಾವ ನಯದ ಮಾತು?’ ಎಂದು ವಿನಯದಿಂದ ಕೇಳಲು ಅಡ್ಡಿಯಿಲ್ಲ, ತಿಳಿದವರು ಅದರಿಂದ ಸಂತೋಷವನ್ನೇ ಪಡುತ್ತಾರೆ. ‘ನಾಳೆಯಿಂದ ನಾನು ಏನು ಮಾಡಬೇಕು?’ ಎಂಬುದನ್ನೂ ಕೇಳಿಯೇ ಏಳಬೇಕು. ಒಂದೇ ಭೇಟಿಗೆ ತೃಪ್ತಿಯಾಗದಿದ್ದರೆ ಮತ್ತೆ ಹೋಗಬೇಕು. ಪ್ರದೇಶಿ ರಾಜ ಒಂದೇ ಪ್ರಶ್ನೆಗೆ ಸುಮ್ಮನಾಗಲಿಲ್ಲ. ಎದುರು ಪ್ರಶ್ನೆ ಕೇಳಿದರೆ ಸಿಟ್ಟಾಗುವವರು, ಮನೆಯವರಿಗೆ ಹೇಳಬೇಡಿ ಎನ್ನುವವರು, ಮುಂದಿನ ಹಂತಕ್ಕೆ ಇಷ್ಟು ಸಾವಿರ ಕಟ್ಟಿ ಎನ್ನುವವರು ಯಾವ ವೇಷದಲ್ಲಿದ್ದರೂ, ದೀನಾರದ ಸನ್ಯಾಸಿಯನ್ನು ನೆನಪು ಮಾಡಿಕೊಂಡು ಎದ್ದು ಬರುವುದು ಒಳ್ಳೆಯದು.

ಇನ್ನೊಂದು ಸೂಕ್ಷ್ಮ ವಿಷಯ. ಕೆಲವರಿಗೆ ‘ನಾನು ಇಲ್ಲ’ ಎಂಬುದು ವಿಚಾರವಾಗಿ ಬರುವುದಿಲ್ಲ, ಭಯವಾಗಿ ಬರುತ್ತದೆ. ಕೈ ಕಾಲು ತನ್ನದಲ್ಲ ಎನಿಸುವುದು, ಸುತ್ತಲಿನದೆಲ್ಲ ಕನಸಿನಂತೆ ಕಾಣುವುದು, ನಿದ್ದೆ ಊಟ ಬಿಡುವುದು, ಬದುಕಿ ಏನು ಪ್ರಯೋಜನ ಎನ್ನುವುದು, ಇವು ಭೇದವಿಜ್ಞಾನದ ಲಕ್ಷಣಗಳಲ್ಲ. ಅತಿಯಾದ ಆತಂಕದಲ್ಲಿ, ಖಿನ್ನತೆಯಲ್ಲಿ, ಕೆಲವೊಮ್ಮೆ ಮೈಮೀರಿದ ಧ್ಯಾನದಲ್ಲೂ ಹೀಗಾಗುತ್ತದೆ. ಆಗ ಶಾಸ್ತ್ರ ಪಕ್ಕಕ್ಕಿಟ್ಟು ಮೊದಲು ಮಾನಸಿಕ ವೈದ್ಯರ ಬಳಿ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಜ್ವರಕ್ಕೆ ಔಷಧಿ ತೆಗೆದುಕೊಂಡರೆ ಧರ್ಮಕ್ಕೆ ಕುಂದಿಲ್ಲ, ಇದಕ್ಕೂ ಇಲ್ಲ. ಗುಣವಾದ ಮೇಲೆ ಆತ್ಮದ ವಿಚಾರಕ್ಕೆ ಬೇಕಾದಷ್ಟು ಸಮಯವಿದೆ.

ಓದುವುದನ್ನು ಎಲ್ಲಿಂದ ಶುರು ಮಾಡಬೇಕು ಎಂದು ಕೇಳುವವರಿಗೆ ಸಮಯಸಾರವನ್ನು ಮೊದಲ ಪುಸ್ತಕವಾಗಿ ಕೊಡದಿರುವುದು ಕ್ಷೇಮ. ನೇಮಿಚಂದ್ರರ ದ್ರವ್ಯಸಂಗ್ರಹ ಚಿಕ್ಕದು, ಅದಕ್ಕೆ ಕನ್ನಡ ಅನುವಾದಗಳಿವೆ. ಆರಂಭದಲ್ಲೇ ಜೀವವನ್ನು ಒಂಬತ್ತು ಕಡೆಯಿಂದ ವಿವರಿಸುತ್ತದೆ. ಅದರಲ್ಲಿ ಪ್ರತಿ ಮಾತಿಗೂ ವ್ಯವಹಾರದಿಂದ ಹೀಗೆ, ನಿಶ್ಚಯದಿಂದ ಹೀಗೆ ಎಂದು ಎರಡೂ ಪಕ್ಕಪಕ್ಕದಲ್ಲೇ ಸಿಗುವುದರಿಂದ ಬನಾರಸೀದಾಸರಿಗೆ ಆದ ಗೊಂದಲ ಆಗುವುದಿಲ್ಲ. ಒಟ್ಟು 58 ಗಾಥೆ. ಸಂಜೆ ಊಟವಾದ ಮೇಲೆ ಮನೆಮಂದಿ ಕೂತು ದಿನಕ್ಕೊಂದು ಓದಿದರೆ ಎರಡು ತಿಂಗಳೊಳಗೆ ಮುಗಿಯುತ್ತದೆ. ಆಷಾಢದಲ್ಲಿ ಶುರು ಮಾಡಿದರೆ, ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಚಾತುರ್ಮಾಸ ಮುಗಿಯುವ ಮೊದಲೇ ಗುರುಗಳ ಮುಂದೆ ಇಡಬಹುದು.